ಮೊಲಗಳು ತಿಂದ ಇಪ್ಪತ್ತೊಂದು ಪತ್ರಿ

ಬಿಂದುಮಾಧವರಾಯರ ಸಂಕಟದ ಮೂಲ ಒಂದು ಮಧ್ಯಾಹ್ನದ ನಿದ್ದೆ. ಧಾರವಾಡದಿಂದ ಬಂದು, ದೇಹೂ ರೋಡಿನ ಸೈನ್ಯದ ಗೋದಾಮಿನಲ್ಲಿ ಕಾರಕೂನರಾಗಿ ದುಡಿದು, ಈಗ ವಿಮಾನ ನಗರದ ಒಂದು ವಸತಿ ಸಂಕೀರ್ಣದ ಏಳನೆಯ ಮಹಡಿಯಲ್ಲಿ ವಿಶ್ರಾಂತರಾಗಿದ್ದ ಅವರು ಪುಣೆಯಿಂದ ಮನಸಾರೆ ಕಲಿತ ವಿದ್ಯೆ ಅದೊಂದೇ: ಊಟವಾದ ಮೇಲೆ ಲೋಕಕ್ಕೆ ಬಾಗಿಲು ಹಾಕಿಕೊಂಡು, ನಾಲ್ಕರವರೆಗೆ ಯಾರ ಕೈಗೂ ಸಿಗದೆ ಮಲಗುವುದು. ಚೌತಿಯ ಹಿಂದಿನ ದಿನವೂ ಹಾಗೆಯೇ ಬೆನ್ನು ಚಾಚಿದರು. ಎದ್ದ ಕೂಡಲೇ ಹಳೇ ಪೇಟೆಯ ಮಂಡೈ ಮಾರುಕಟ್ಟೆಗೆ ಹೋಗಿ ಗಣಪತಿಯ ಪತ್ರಿ ತರುವುದಿತ್ತು. ಕಣ್ಣು ತೆರೆದಾಗ ಕಿಟಕಿಯ ತುಂಬ ಸಂಜೆ ನಿಂತಿತ್ತು. ಅದರ ಹಿಂದೆ, ಕೊನೆಯ ಸಾಲು ಸಿಗದ ಕವಿತೆಯ ಹಾಗೆ, ಮಳೆ.

ಪತ್ರಿಯೆಂದರೆ ಸಾಮಾನ್ಯ ಸಂಗತಿಯಲ್ಲ. ಬಿಲ್ವ, ಶಮಿ, ಎಕ್ಕೆ, ದತ್ತೂರ, ಕಣಗಿಲೆ ಎಂದು ಇಪ್ಪತ್ತೊಂದು ಬಗೆಯ ಎಲೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಗಣಪತಿಗೆ ಏರಿಸಬೇಕು. ವರ್ಷವಿಡೀ ಆ ಸಂಕೀರ್ಣದ ಲಿಫ್ಟಿನಲ್ಲಿ ರಾಯರು ಮೂಲೆಗೆ ಸರಿದು ನಿಲ್ಲುವ ಒಬ್ಬ ಮುದುಕ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹುಡುಗರು ಅವರನ್ನು ದಾಟಿ ಹಿಂದಿನ ಕನ್ನಡಿಯಲ್ಲಿ ಕೂದಲು ತೀಡಿಕೊಳ್ಳುತ್ತಿದ್ದರು. ಆದರೆ ಚೌತಿಯ ದಿನ ಅವರು ‘ಪತ್ರಿ ರಾಯರು’. ಕೆಳಗಿನ ಸಭಾಗೃಹದಲ್ಲಿ ರೇಶ್ಮೆಯ ಮಡಿಯುಟ್ಟು, ಒಂದೊಂದು ಎಲೆಯನ್ನೂ ಎತ್ತಿ ತೋರಿಸಿ, ಅದರ ಸಂಸ್ಕೃತದ ಹೆಸರು, ಕನ್ನಡದ ಹೆಸರು, ಮರಾಠಿಯ ಹೆಸರು, ಗುಣ, ದೋಷ ಎಲ್ಲವನ್ನೂ ಹೇಳಿ ಏರಿಸುತ್ತಿದ್ದರೆ ಅದೇ ಹುಡುಗರು ಮೊಬೈಲೆತ್ತಿ ಚಿತ್ರ ಹಿಡಿಯುತ್ತಿದ್ದರು. ಆ ಒಂದು ತಾಸಿನ ಬೆಳಕಿನಲ್ಲಿ ರಾಯರು ಉಳಿದ ವರ್ಷವನ್ನು ನಡೆದು ಮುಗಿಸುತ್ತಿದ್ದರು.

ಮಲಗಿಬಿಟ್ಟೆ, ಪತ್ರಿ ತರಲಿಲ್ಲ ಎಂದು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಮ್ಮ ಮೇಲೆ ತಮಗಿದ್ದ ಅಪಾರ ವಿಶ್ವಾಸದಿಂದ ರಾಯರು ಆ ಮುಂಜಾನೆಯೇ ಸೊಸೈಟಿಯ ವಾಟ್ಸಾಪ್ ಗುಂಪಿಗೆ ತಮ್ಮ ಧ್ವನಿಯಲ್ಲಿ ಸಂದೇಶ ಕಳಿಸಿಯಾಗಿತ್ತು: “ಪತ್ರಿ ಬಂದಾವ. ಇಪ್ಪತ್ತೊಂದೂ ಅಸಲು. ಇದರಾಗ ಕಣಗಲ, ದತ್ತೂರಿ, ಎಕ್ಕಿ ಅಂತ ಮೂರು ವಿಷದ ಎಲಿ ಇರ್ತಾವ. ಹುಡುಗರನ್ನ ದೂರ ಇಡ್ರಿ. ಮುಟ್ಟಿದವರು ಕೈ ತೊಳಕೋರಿ.” ಉತ್ತರವಾಗಿ ಮನೆಮನೆಯಿಂದ ಕೈ ಮುಗಿದ ಚಿತ್ರಗಳು ಬಂದು ಬಿದ್ದಿದ್ದವು.

ಹೆಂಡತಿ ರಾಧಾಬಾಯಿ ಮೋದಕ ತಿದ್ದಲು ಎರಡನೆಯ ಮಹಡಿಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ರಾಯರು ಮತ್ತು ಫ್ರಿಜ್ಜು. ಚೌತಿಯ ಮರುದಿನ ಋಷಿಪಂಚಮಿ. ಅಂದಿನ ಬೆರಕೆ ಭಾಜಿಗೆಂದು ರಾಧಾಬಾಯಿ ತರತರದ ಸೊಪ್ಪು ತಂದು ಫ್ರಿಜ್ಜಿನಲ್ಲಿ ತುಂಬಿಟ್ಟಿದ್ದರು. ರಾಯರು ಬಾಗಿಲು ತೆರೆದು, ಆ ತಣ್ಣನೆಯ ಹಸಿರನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಕೈಗೆ ಕತ್ತರಿ ಬಂತು.

ಒಮ್ಮೆ ಕತ್ತರಿ ಬಂದ ಮೇಲೆ ಕಲೆ ತಾನಾಗಿ ಹರಿಯಿತು. ಹೂಕೋಸಿನ ಎಲೆ ದುಂಡಗಾಗಿ ಎಕ್ಕೆಯಾಯಿತು. ಮೂಲಂಗಿಯ ಎಲೆ ಉದ್ದಕ್ಕೆ ಸೀಳಿಸಿಕೊಂಡು ಕಣಗಿಲೆಯಾಯಿತು. ಕೆಸುವಿನ ಎಲೆ ಅಂಚು ಕಚ್ಚಿಸಿಕೊಂಡು ದತ್ತೂರವಾಯಿತು. ಕೊತ್ತಂಬರಿ ಶಮಿಯೆನಿಸಿತು, ಮೆಂತ್ಯ ಬಿಲ್ವದ ಪದವಿಗೇರಿತು. ತುಳಸಿ, ಗರಿಕೆ, ಮಾವು ಮಾತ್ರ ತಮ್ಮ ತಮ್ಮ ಹೆಸರಿನಲ್ಲೇ ಉಳಿದವು. ರಾಯರು ಎಲ್ಲವನ್ನೂ ಬಾಳೆಯ ನಾರಿನಿಂದ ಬಿಗಿದು, ಹಿತ್ತಾಳೆಯ ಬಕೇಟಿನಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಹೊದಿಸಿ, ಅಡುಗೆಮನೆಯ ಮೂಲೆಯಲ್ಲಿಟ್ಟರು. ದೇವರು ನೋಡುವುದು ಭಾವವನ್ನು. ಸೊಸೈಟಿಯವರು ನೋಡುವುದು ರಾಯರನ್ನು. ಎಲೆಯನ್ನು ನೋಡುವವರು ಯಾರು?

ಅದೇ ರಾತ್ರಿ ಊಟದ ಹೊತ್ತಿಗೆ ಎದುರು ಮನೆಯ ಸ್ನೇಹಲ್ ಎರಡು ಮೊಲಗಳ ಬುಟ್ಟಿ ಹಿಡಿದು ಬಂದಳು. ಸೊಲ್ಲಾಪುರದ ಹುಡುಗಿ, ಕನ್ನಡಕ್ಕೆ ಮರಾಠಿಯ ಒಗ್ಗರಣೆ ಹಾಕಿ ಮಾತಾಡುವಳು. ಹಬ್ಬಕ್ಕೆ ಬಂದಿದ್ದ ಅವಳ ಮಾವನವರಿಗೆ ಮೊಲದ ಕೂದಲು ಸೇರದು. ಸೀನಿ ಸೀನಿ ಅವರ ಮುಖ ಬೀಟ್‌ರೂಟ್ ಆಗಿತ್ತು. ಬಿಳಿಯದರ ಹೆಸರು ಸಾಬೂದಾಣಿ, ಕಂದು ಬಣ್ಣದ್ದರದು ಶೇಂಗಾ. ಎರಡನ್ನೂ ಕೂಡಿಸಿ ಕರೆದರೆ ಏಕಾದಶಿಯ ಫಲಾಹಾರವಾಗುತ್ತಿತ್ತು.

“ಕಾಕಾ, ಒಂದ ದಿನ ನಿಮ್ಮ ಬಾಲ್ಕನಿಯಾಗ ಇರಲಿ. ನಾಜೂಕ ಆಹೇತ, ಜರಾ ಸಾಂಭಾಳಿಸ್ರಿ.”

“ಬಿಟ್ಟು ಹೋಗವಾ. ಪ್ರಾಣಿ ಅಂದ್ರ ನನಗ ಹೇಳಿಕೊಡಬೇಕೇನು?” ಎಂದರು ರಾಯರು. ಮೊಲವನ್ನು ಅವರು ಇದುವರೆಗೆ ಚಂದ್ರನಲ್ಲಿ ಮಾತ್ರ ಕಂಡಿದ್ದರು.

ಸ್ನೇಹಲ್ ವಿವೇಕದ ಹುಡುಗಿ. ಮೊಲಗಳನ್ನು ರಾಯರಿಗೆ ಒಪ್ಪಿಸಿ, ಅವುಗಳ ಊಟದ ಮಾತನ್ನು ರಾಧಾಬಾಯಿಯ ಹತ್ತಿರ ಆಡಿದಳು. “ಕಾಕು, ಹುಲ್ಲು ಬುಟ್ಟ್ಯಾಗ ಅದ. ಮುಂಜಾನೆ ಮನ್ಯಾಗ ಇದ್ದ ಹಸರು ಪಲ್ಲೆ ಒಂದಿಷ್ಟು ಹಾಕಿದ್ರ ಪುರೇ.”

ಮರುದಿನ ನಸುಕಿನಲ್ಲಿ ರಾಯರು ಸ್ನಾನಕ್ಕಿಳಿದಿದ್ದಾಗ, ಬಾಗಿಲಾಚೆಯಿಂದ ರಾಧಾಬಾಯಿ, “ನಾ ಹೊರಗ ಹೋಗಿ ಬರ್ತೀನ್ರೀ” ಎಂದದ್ದು ಕೇಳಿಸಿತು. ಮಂತ್ರ ಹೇಳುತ್ತಿದ್ದ ರಾಯರು ಹ್ಞೂಂಗುಟ್ಟಿದರು. ಮಡಿಯುಟ್ಟು, ದೇವರ ಕೋಣೆಯಲ್ಲಿ ಎರಡು ತಾಸಿನ ಜಪ ಮುಗಿಸಿ ಹೊರಬಂದು ನೋಡಿದರೆ ಹಿತ್ತಾಳೆಯ ಬಕೇಟು ಖಾಲಿ. ಬಾಳೆಯ ನಾರು ಬಾಲ್ಕನಿಯ ಹೊಸ್ತಿಲ ಮೇಲೆ ಬಿದ್ದಿತ್ತು. ಬಾಲ್ಕನಿಯಲ್ಲಿ ಸಾಬೂದಾಣಿ ಎಕ್ಕೆಯ ಕೊನೆಯ ದಂಟನ್ನು, ಪೆನ್ಸಿಲು ಕೆತ್ತುವ ಯಂತ್ರದ ಹಾಗೆ, ಒಳಕ್ಕೆಳೆದುಕೊಳ್ಳುತ್ತಿತ್ತು. ಶೇಂಗಾ ಮುಖ ಒರೆಸಿಕೊಳ್ಳುತ್ತಿತ್ತು.

ಬಾಲ್ಕನಿಯ ಬಾಗಿಲು ತೆರೆದದ್ದು ಯಾರು, ಬಕೇಟು ಮಗುಚದೆ ಖಾಲಿಯಾದದ್ದು ಹೇಗೆ ಎಂಬ ಪ್ರಶ್ನೆ ರಾಯರಿಗೆ ಹೊಳೆಯಲಿಲ್ಲ. ಹೊಳೆಯಲು ಸಮಯವೂ ಸಿಗಲಿಲ್ಲ. ಬಾಗಿಲ ಗಂಟೆ ಬಡಿಯಿತು. ಬೆಳ್ಳಿಯ ತಟ್ಟೆ ಹಿಡಿದು ಸಿದ್ದಲಿಂಗಪ್ಪ ನಿಂತಿದ್ದರು. ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ, ಸೊಸೈಟಿಯ ಗಣೇಶ ಮಂಡಳಿಯ ಅಧ್ಯಕ್ಷರು. ಅವರ ಹಿಂದೆ ಅವರ ತಾಯಿ ಬಸವಣ್ಣೆವ್ವ. ಆ ಸಂಕೀರ್ಣದಲ್ಲಿ ಯಾರು ಸೀನಿದರೂ ಕಷಾಯ ಹಿಡಿದು ಬರುವಾಕೆ.

“ರಾಯರ, ಪತ್ರಿ ಕೊಡ್ರಿ. ಮುಹೂರ್ತ ಹತ್ರ ಬಂತು,” ಎಂದ ಸಿದ್ದಲಿಂಗಪ್ಪನವರ ಕಣ್ಣು ಬಕೇಟಿನಿಂದ ನಾರಿಗೆ, ನಾರಿನಿಂದ ಮೊಲಗಳಿಗೆ ನಡೆದು ಅಲ್ಲೇ ಕುಸಿದು ಕೂತಿತು. “ಪತ್ರಿ ಎಲ್ಲಿ?”

“ಅಲ್ಲಿ,” ಎಂದು ರಾಯರು ಮೊಲಗಳ ಹೊಟ್ಟೆ ತೋರಿಸಿದರು.

“ಎಲ್ಲಾನೂ?”

“ಎಲ್ಲಾನೂ.”

“ಕಣಗಲ?”

ಬಸವಣ್ಣೆವ್ವ ಎದೆಗೆ ಕೈ ಒತ್ತಿಕೊಂಡಳು. “ಶಿವನ, ಕಣಗಲ ತಿಂದು ನಮ್ಮೂರಾಗ ಒಂದು ಎತ್ತು ನಿಂತಲ್ಲೇ ಬಿದ್ದಿತ್ತು. ಇವು ಎಷ್ಟರವು. ಎರಡು ಮುಷ್ಟಿ ಹತ್ತಿ ಅದಾವ.”

ಇಡೀ ಸಂಕೀರ್ಣದಲ್ಲಿ ಈ ಮೊಲಗಳು ಸಂಪೂರ್ಣ ಕ್ಷೇಮವಾಗಿವೆಯೆಂದು ಬಲ್ಲವರು ಒಬ್ಬರೇ ಇದ್ದರು, ಮತ್ತು ಅದನ್ನು ಹೇಳಲಾಗದವರೂ ಅವರೊಬ್ಬರೇ. ಹೇಳಿದರೆ ಕಣಗಿಲೆ ಮೂಲಂಗಿಯಾಗುತ್ತದೆ. ಕಣಗಿಲೆ ಮೂಲಂಗಿಯಾದ ಗಳಿಗೆಗೆ ಪತ್ರಿ ರಾಯರು ಮತ್ತೆ ಲಿಫ್ಟಿನ ಮೂಲೆಯಾಗುತ್ತಾರೆ. ರಾಯರು ಗಂಟಲು ಸರಿಪಡಿಸಿಕೊಂಡು, “ಗಾಬರಿ ಬ್ಯಾಡ್ರಿ. ಪ್ರಾಣಿಗಳು ಭಾಳ ಗಟ್ಟಿ ಇರ್ತಾವ,” ಎಂದರು.

ಸುದ್ದಿ ಕೇಳಿ ಸ್ನೇಹಲ್ ಓಡಿ ಬಂದಳು, ಅರ್ಧ ಹೆಣೆದ ಜಡೆಯಲ್ಲೇ. ಅವಳ ಕಣ್ಣು ಆಗಲೇ ತುಂಬಿತ್ತು. ಬಸವಣ್ಣೆವ್ವ ಅಡುಗೆಮನೆಗೆ ನುಗ್ಗಿ ತಂಬಿಗೆಯಲ್ಲಿ ಉಪ್ಪಿನ ನೀರು ಕಲಸಿ ತಂದಿದ್ದಳು.

“ಹಿಡೀರಿ ಅದರ ಬಾಯಿ. ಉಪ್ಪಿನ ನೀರು ಹೊಯ್ದ್ರ ಕಾರಿಕೊಂತಾವ. ಕಾರಿಕೊಂಡ್ರ ವಿಷ ಹೊರಗ.”

“ಥಾಂಬಾ ಅಜ್ಜಿ, ಥಾಂಬಾ. ಮೊದಲ ಡಾಕ್ಟರಿಗೆ ಕೇಳೂಣು,” ಎಂದು ಸ್ನೇಹಲ್ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

ಪಶುವೈದ್ಯ ಸುಹಾಸ ಬೆಳಗಾವಿಯವನು. ಅವನ ದವಾಖಾನೆ ಪಕ್ಕದ ಓಣಿಯಲ್ಲಿ. ಅವನ ಧ್ವನಿ ಬೆಳಗಿನ ರೇಡಿಯೋದ ಹಾಗೆ ಶಾಂತವಾಗಿತ್ತು. “ಉಪ್ಪು, ಹಾಲು, ಎಣ್ಣಿ, ಏನೂ ಹಾಕಬ್ಯಾಡ್ರಿ. ಮೊಲಕ್ಕ ವಾಂತಿ ಆಗೂದ ಇಲ್ಲ. ನುಂಗಿದ್ದನ್ನ ಹೊರಗ ಹಾಕೂ ದಾರಿನ ದೇವರು ಅದಕ್ಕ ಇಟ್ಟಿಲ್ಲ. ಬಲವಂತ ಮಾಡಿದ್ರ ನೀರು ಶ್ವಾಸಕ್ಕ ಹೋಗಿ ಸಾಯ್ತಾವ. ಉಳಿದ ಎಲಿ ಇದ್ರ ಮೊದಲ ದೂರ ಸರಸ್ರಿ. ಒದ್ದಿ ಅರಿವಿಲೆ ಬಾಯಿ ಒರಸ್ರಿ. ಹುಲ್ಲು, ನೀರು ಮುಂದ ಇರಲಿ, ಉಪವಾಸ ಕೆಡವಬ್ಯಾಡ್ರಿ. ತಿಂದ ಎಲಿದು ಒಂದೊಂದು ತುಂಡು ತಗೊಂಡು ಬರ್ರಿ. ಯಾವ ಎಲಿ, ಎಷ್ಟು ಅನ್ನೂದು ನನಗ ಖರೇ ಗೊತ್ತಾಗಬೇಕು.”

ನುಂಗಿದ್ದನ್ನು ಹೊರಗೆ ಹಾಕುವ ದಾರಿಯೇ ಇಲ್ಲದ ಪ್ರಾಣಿ. ರಾಯರು ಸಾಬೂದಾಣಿಯನ್ನು ಮೊದಲ ಬಾರಿಗೆ ಆತ್ಮೀಯತೆಯಿಂದ ನೋಡಿದರು.

“ರಾಯರ, ಕಣಗಲ ಎಷ್ಟು ಇತ್ತು, ಹೇಳ್ರಿ ಡಾಕ್ಟರಿಗೆ,” ಎಂದು ಸಿದ್ದಲಿಂಗಪ್ಪ ಫೋನನ್ನು ರಾಯರ ಬಾಯಿಗೆ ಹಿಡಿದರು.

“ಎಲ್ಲೀದು, ಹೆಸರಿಗೆ ಒಂದೆರಡು ಎಲಿ. ಅದೂ ಎಳೇವು.”

“ಎಳೇ ಎಲಿ ಆದ್ರೂ ವಿಷನ,” ಎಂದ ಸುಹಾಸ. “ದತ್ತೂರಿ?”

“ಅದು ನೋಡ್ರಿ, ಈ ವರ್ಷ ಮಳಿ ಭಾಳ. ವಿಷದ ಅಂಶ ನೀರಿನಾಗ ತೊಳದು ಹೋಗಿರ್ತದ.”

ಎಲೆಯ ವಿಷ ಮಳೆಯಲ್ಲಿ ತೊಳೆದುಹೋಗುವ ಶಾಸ್ತ್ರವನ್ನು ಸುಹಾಸನ ಕಾಲೇಜಿನಲ್ಲಿ ಕಲಿಸಿರಲಿಲ್ಲ. “ಬರ್ರಿ, ತಡ ಮಾಡಬ್ಯಾಡ್ರಿ,” ಎಂದು ಫೋನಿಟ್ಟ.

ತುಂಡು ಒಯ್ಯಲು ಒಂದು ಎಲೆಯೂ ಉಳಿದಿರಲಿಲ್ಲ. ಹಸಿವಿನಲ್ಲಿ ಮೊಲಗಳು ಇಪ್ಪತ್ತೊಂದು ದೇವನಾಮಗಳನ್ನೂ ಒರೆಸಿ ಹಾಕಿದ್ದವು. ಸಿದ್ದಲಿಂಗಪ್ಪ ಈ ನಡುವೆ ವಾಟ್ಸಾಪಿಗೆ ಬರೆದದ್ದು ಹೀಗಿತ್ತು: ‘ರಾಯರ ಅಸಲಿ ಪತ್ರಿ ತಿಂದು ಎರಡು ಮೊಲಗಳ ಸ್ಥಿತಿ ಗಂಭೀರ. ಎಲ್ಲರೂ ಪ್ರಾರ್ಥಿಸಿ.’ ಕೈ ಮುಗಿದ ಚಿತ್ರಗಳು ಮತ್ತೆ ಸುರಿದವು. ‘ಅಸಲಿ’ ಎಂಬ ಶಬ್ದ ಓದಿ ರಾಯರ ಎದೆಯಲ್ಲಿ, ಒಪ್ಪಬಾರದ ಒಂದು ಹಿಗ್ಗು ಮೂಡಿ ಅಡಗಿತು. ಅವರ ಪತ್ರಿಯ ಶುದ್ಧತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಹಿಂದೆಂದೂ ಸಿಕ್ಕಿರಲಿಲ್ಲ.

ಬುಟ್ಟಿ ಹಿಡಿದು ಎಲ್ಲರೂ ಲಿಫ್ಟಿಗೆ ನುಗ್ಗಿದರು. ನಾಲ್ಕನೆಯ ಮಹಡಿ ದಾಟುವಾಗ ಸಾಬೂದಾಣಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಧೊಪ್ಪನೆ ಬಿದ್ದು, ಕಾಲು ಚಾಚಿ, ಅರೆಗಣ್ಣು ಮಾಡಿತು.

“ಹೋತು,” ಎಂದಳು ಬಸವಣ್ಣೆವ್ವ. “ಹಬ್ಬದ ದಿನ ಹೋತು. ಪುಣ್ಯದ ಜೀವ.”

“ಅಜ್ಜಿ, ಹಂಗ ಅನಬ್ಯಾಡ್ರಿ,” ಎಂದ ಸ್ನೇಹಲಳ ಧ್ವನಿ ಒಡೆಯಿತು.

“ಇನ್ನೊಂದು ಐತಲ್ಲವಾ,” ಎಂದು ಬಸವಣ್ಣೆವ್ವ ಸಮಾಧಾನ ಹೇಳುವಷ್ಟರಲ್ಲಿ ಶೇಂಗಾ ಕೂಡ ಅದರ ಪಕ್ಕದಲ್ಲಿ ಒರಗಿತು. ರಾಯರಿಗೆ ಗೊತ್ತಿತ್ತು: ಅದು ಸಾವಲ್ಲ, ಊಟದ ಮೇಲಿನ ನಿದ್ದೆ. ಆ ಭಂಗಿಯನ್ನು ಅವರು ಪ್ರತಿ ಮಧ್ಯಾಹ್ನ ಸ್ವತಃ ಹಾಕುತ್ತಿದ್ದರು. ಆದರೆ ಆ ಜ್ಞಾನವನ್ನೂ ಬಾಯಿ ಮುಚ್ಚಿ ನುಂಗಿದರು. ಹೊರಹಾಕುವ ದಾರಿ ಅವರಿಗೂ ಇರಲಿಲ್ಲ.

ಗೇಟಿನಾಚೆ ರಸ್ತೆಯೇ ಇರಲಿಲ್ಲ. ಎಲ್ಲಿ ನೋಡಿದರೂ ಗಣಪತಿ. ಟ್ರಕ್ಕಿನ ಮೇಲೆ, ಟೆಂಪೋದ ಮೇಲೆ, ತಲೆಯ ಮೇಲೆ. ಕೇಸರಿ ಪೇಟ ಸುತ್ತಿದ ಢೋಲ್‌ ತಾಶಾದ ದಂಡೊಂದು ಸರಿಯಾಗಿ ಸೊಸೈಟಿಯ ಮುಂದೆಯೇ ನಿಂತು, ನೆಲ ಬಿರಿಯುವಂತೆ ಬಾರಿಸುತ್ತಿತ್ತು. ಕಾರು ಹೊರಡುವ ಮಾತೇ ಇಲ್ಲ. ಬುಟ್ಟಿಯನ್ನು ಗೇಟಿನ ಪಕ್ಕದ ಸಭಾಗೃಹಕ್ಕೆ ಒಯ್ದರು. ಸ್ನೇಹಲ್ ಮತ್ತೆ ಫೋನು ಮಾಡಿದಳು. ಸುಹಾಸ ತನ್ನ ಚೀಲ ತಲೆಯ ಮೇಲಿಟ್ಟುಕೊಂಡು, ಮೆರವಣಿಗೆಯ ಸಂದಿಯಲ್ಲಿ ತೂರಿಕೊಂಡು ನಡೆದೇ ಬಂದ. ಗುಲಾಲು ಬಿದ್ದು ಅವನ ಬಿಳಿ ಕೋಟು ಗುಲಾಬಿಯಾಗಿತ್ತು.

ಸಭಾಗೃಹದಲ್ಲಿ ಇಡೀ ಸೊಸೈಟಿ ನೆರೆದಿತ್ತು. ಒಂದು ಕಡೆ ಅಲಂಕರಿಸಿದ ಗಣಪತಿ, ಪತ್ರಿಗಾಗಿ ಕಾಯುತ್ತ. ಇನ್ನೊಂದು ಕಡೆ ಪಿಂಗ್‌ಪಾಂಗ್ ಮೇಜಿನ ಮೇಲೆ ಮೊಲಗಳ ಬುಟ್ಟಿ, ಪತ್ರಿಯನ್ನು ಮುಗಿಸಿ. ಸುಹಾಸ ಎದೆಗೆ ನಳಿಕೆ ಇಟ್ಟು ಕೇಳಿದ. ಢೋಲಿನ ಹೊರತು ಏನೂ ಕೇಳಿಸುತ್ತಿರಲಿಲ್ಲ.

“ನೋಡ್ರಿ,” ಎಂದು ಅವನು ಎಲ್ಲರಿಗೂ ಕೇಳುವಂತೆ ಕೂಗಿದ. “ಕಣಗಲ ಸೀದಾ ಹೃದಯಕ್ಕ ಹೊಡೀತದ. ಖರೇನ ಅದನ್ನ ತಿಂದಿದ್ರ ಈಗಿಂದೀಗ ದವಾಖಾನಿಗೆ ಒಯ್ದು, ಸೂಜಿ ಚುಚ್ಚಿ, ಮೂಗಿನಾಗ ನಳಿಗಿ ಇಳಿಸಿ ಔಷಧ ಹಾಕಬೇಕು. ಆದ್ರ ಇವು ಅಂಜುಬುರುಕ ಜೀವ. ಈ ಢೋಲಿನ ನಡುವ ಒಯ್ದು, ನಳಿಗಿ ಹಾಕಿದ್ರ ಅಂಜಿಕಿಗೇ ಎದಿ ಒಡದು ಸಾಯಬಹುದು. ತಿಂದಿಲ್ಲ ಅಂದ್ರ ಇದನ್ನ ಮಾಡೂದು ಪಾಪ. ತಿಂದದ್ದು ಹೌದಾದ್ರ ಮಾಡದ ಗತಿ ಇಲ್ಲ.”

ಸ್ನೇಹಲ್ ರಾಯರತ್ತ ತಿರುಗಿದಳು. “ಕಾಕಾ, ನೀವ ಹೇಳ್ರಿ. ಖರೇನ ಕಣಗಲ ಇತ್ತಾ?”

ಇಡೀ ಸಭಾಗೃಹ ರಾಯರನ್ನು ನೋಡಿತು. ಲಿಫ್ಟಿನ ಹುಡುಗರೂ ನೋಡಿದರು, ಕನ್ನಡಿಯನ್ನಲ್ಲ, ಅವರನ್ನೇ. ಇಂಥ ನೋಟಕ್ಕಾಗಿಯೇ ಅವರು ವರ್ಷಗಟ್ಟಲೆ ಎಲೆ ಹೊತ್ತಿದ್ದರು. ಬುಟ್ಟಿಯೊಳಗೆ ಸಾಬೂದಾಣಿ ನಿದ್ದೆಯಲ್ಲಿ ಮೂಗು ಕುಣಿಸುತ್ತಿತ್ತು, ಕನಸಿನಲ್ಲಿ ಏನೋ ಮೆಲ್ಲುವಂತೆ. ಆ ಪುಟ್ಟ ಮೂಗಿನೊಳಗೆ ನಳಿಕೆ. ತಮ್ಮ ಒಂದು ಮಾತಿಗಾಗಿ.

ರಾಯರು ಸೋತರು. ಸೋತರೂ ಜಾಣತನ ಬಿಡಲಿಲ್ಲ. ಢೋಲಿನ ಈ ಅಬ್ಬರದಲ್ಲಿ ವೈದ್ಯನೊಬ್ಬನ ಕಿವಿಗೆ ಹೇಳಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ; ಮೊಲವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಸುಹಾಸನನ್ನು ಕಂಬದ ಮರೆಗೆ ಎಳೆದು ಕಿವಿಗೆ ಬಾಯಿಟ್ಟರು.

“ಕಣಗಲ ಇರಲಿಲ್ಲಪಾ.”

“ಏನು?” ಎಂದ ಸುಹಾಸ. “ಕೇಳಸವಲ್ದು.”

ರಾಯರು ಧ್ವನಿಯೇರಿಸಿದರು. “ಕಣಗಲ ಇರಲಿಲ್ಲ.”

“ಇನ್ನೂ ಜೋರಾಗಿ.”

ಇಪ್ಪತ್ತೊಂದು ನಾಮಗಳನ್ನು ಮೈಕಿಲ್ಲದೆ ಹೇಳಿ ಪಳಗಿದ ಕಂಠವನ್ನು ರಾಯರು ಪೂರ್ತಿ ಬಿಟ್ಟರು. ಅದೇ ಕ್ಷಣದಲ್ಲಿ ಹೊರಗೆ ದಂಡಿನ ನಾಯಕ ಕೈಯೆತ್ತಿದ. ಢೋಲು ತಾಶೆಗಳು ಒಟ್ಟಿಗೆ ನಿಂತವು. ಪುಣೆಯ ಮೇಲೆ ಮೌನ ಬಂದು ಬಿತ್ತು. ಆ ಮೌನದ ನಟ್ಟನಡುವೆ ರಾಯರ ಧ್ವನಿ, ಗುಡಿಯ ಗಂಟೆಯ ಹಾಗೆ, ಮೊಳಗಿತು:

“ಕಣಗಲ ಅಂದದ್ದು ಮೂಲಂಗಿ. ಎಕ್ಕಿ ಅಂದದ್ದು ಹೂಕೋಸು. ದತ್ತೂರಿ ಅಂದದ್ದು ಕೆಸುವಿನ ಎಲಿ. ಎಲ್ಲಾ ನಮ್ಮ ಫ್ರಿಜ್ಜಿನಾಗಿನ ಪಲ್ಲೆ.”

ಸಿದ್ದಲಿಂಗಪ್ಪನವರ ಕೈಯಲ್ಲಿದ್ದ ಬೆಳ್ಳಿಯ ತಟ್ಟೆ ನಿಧಾನವಾಗಿ ಕೆಳಗಿಳಿ­ಯಿತು. ಅಷ್ಟೆತ್ತರದಿಂದ ಬಿದ್ದ ಮೇಲೆ ರಾಯರಿಗೆ ಒಂದು ವಿಚಿತ್ರ ಹಗುರವೂ ಆಯಿತು. ಹೋಗಲಿ, ಮೊಲಗಳಂತೂ ಬದುಕಿದವು ಎಂದು ತಲೆಯೆತ್ತಿದರೆ, ಸುಹಾಸನ ಮುಖ ಮಾತ್ರ ಬಿಗಿದಿತ್ತು.

“ಕೆಸುವಿನ ಎಲಿ ಅಂದ್ರಿ? ಹಸೀದು?”

“ಹೌದಲ್ಲ. ಮನಿಮಂದಿ ಎಲ್ಲಾ ತಿಂತೀವಿ.”

“ಕುದಿಸಿ ತಿಂತೀರಿ, ಹುಣಸಿಹಣ್ಣು ಹಾಕಿ. ಹಸೀ ಎಲಿ ತಿಂದ್ರ ಇವಕ್ಕ ಬಾಯಿ ಗಂಟಲು ಉರದು ಬಾತು ಉಸಿರು ಕಟ್ಟಬಹುದು. ಕಣಗಲ ಇಲ್ಲ ಅಂತ ಸಮಾಧಾನ ಪಟ್ಟೆ. ದತ್ತೂರಿ ಜಾಗಾದಾಗ ಇದನ್ನ ಇಟ್ಟೀರಿ.”

ಬೆಳಗಿನಿಂದ ರಾಯರು ಒಬ್ಬರೇ ನಿಶ್ಚಿಂತರಾಗಿದ್ದರು. ಈಗ ಅವರಷ್ಟು ಹೆದರಿದವರು ಆ ಸಭಾಗೃಹದಲ್ಲಿ ಇರಲಿಲ್ಲ. ಕಾಲುಗಳು ತಮ್ಮಷ್ಟಕ್ಕೆ ತಾವೇ ಮೇಜಿನ ಬಳಿಗೆ ನಡೆದವು. ಈ ಸಲ ಯಾರೂ ಕೇಳದೆಯೇ ಹೇಳಿದರು, ಎಲ್ಲರ ಎದುರು, ಮುಚ್ಚುಮರೆಯಿಲ್ಲದೆ. “ನಿನ್ನೆ ನಾನು ಮಂಡೈಗೆ ಹೋಗಲಿಲ್ಲ. ಮಲಗಿಬಿಟ್ಟೆ. ಕೆಸುವಿನ ಎಲಿ ಮೂರು ಇದ್ದುವು. ಅಂಚು ಕತ್ತರಿಸಿ ದತ್ತೂರಿ ಮಾಡಿದೆ. ತಪ್ಪು ನಂದು. ಸ್ನೇಹಲ್, ನನಗ ಏನು ಬೇಕಾದ್ದು ಅನ್ನು. ಡಾಕ್ಟರ, ಇವನ್ನ ಉಳಸ್ರಿ.”

ಸುಹಾಸ ಸಾಬೂದಾಣಿಯ ಬಾಯಿ ಬಿಡಿಸಿ, ಸಣ್ಣ ದೀಪ ಹಿಡಿದು ನೋಡಿದ. ಶೇಂಗಾನ ಬಾಯಿ ನೋಡಿದ. ಮತ್ತೆ ಸಾಬೂದಾಣಿಯ ಬಾಯಿ ನೋಡಿದ. ಜೊಲ್ಲಿಲ್ಲ, ಬಾವಿಲ್ಲ, ನಾಲಗೆ ಗುಲಾಬಿಯ ಎಸಳಿನಂತಿತ್ತು. ನಿದ್ದೆ ಕೆಡಿಸಿದ್ದಕ್ಕೆ ಸಾಬೂದಾಣಿ ಅವನ ಕೈಯನ್ನು ಹಿಂಗಾಲಿನಿಂದ ಒದೆಯಿತು.

“ವಿಚಿತ್ರ,” ಎಂದ. “ಕೆಸುವು ತಿಂದ ಬಾಯಿ ಹಿಂಗ ಇರೂದ ಇಲ್ಲ. ಮೊಲ ಹೊಟ್ಟಿ ತುಂಬಿ ಖುಷಿ ಆದಾಗ ಹಿಂಗ ಅಡ್ಡ ಬೀಳ್ತಾವ, ಅಷ್ಟ.”

ಆಗ ಬಾಗಿಲಲ್ಲಿ ರಾಧಾಬಾಯಿ ಕಾಣಿಸಿಕೊಂಡರು. ಸೀರೆಯ ನೆರಿಗೆಯವರೆಗೆ ಕೆಸರು, ತಲೆಯ ಮೇಲೆ ಮಳೆಹನಿ, ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಹಿತ್ತಾಳೆಯ ತಟ್ಟೆ. ಏದುಸಿರು ಬಿಡುತ್ತಿದ್ದರೂ ಮುಖದಲ್ಲಿ ಹಬ್ಬದ ಗಾಂಭೀರ್ಯವಿತ್ತು. ನೆರೆದವರ ಮೌನವನ್ನು ಅವರು ಪತ್ರಿಗಾಗಿ ಕಾದ ಮೌನವೆಂದು ತಿಳಿದರು.

“ತಡ ಆತೇನ್ರೀ? ತಗೋರಿ, ಪತ್ರಿ ಇಲ್ಲೇ ಅದಾವ,” ಎಂದು ತಟ್ಟೆಯನ್ನು ಗಣಪತಿಯ ಮುಂದಿಟ್ಟು, ಬಟ್ಟೆ ಸರಿಸಿದರು. ಇಪ್ಪತ್ತೊಂದು ಬಗೆಯ ಎಲೆಗಳು, ಬೇರೆ ಬೇರೆ ಕಟ್ಟಿದವು, ಮಂಡೈಯ ಮಣ್ಣಿನ ವಾಸನೆಯೊಡನೆ. ಆಮೇಲೆ ರಾಧಾಬಾಯಿ ಎಲ್ಲರ ಕಡೆ ತಿರುಗಿ, ತುಂಬಿದ ವಿಶ್ವಾಸದಿಂದ, ಸ್ಪಷ್ಟವಾಗಿ ಹೇಳಿದರು: “ನಿನ್ನೆ ಆ ಮಳ್ಯಾಗ ನಮ್ಮವರು ತಾವ ಮಂಡೈಗೆ ಹೋಗಿ, ಮೊಣಕಾಲು ನೋಯಿಸಿಕೊಂಡು, ಒಂದೊಂದ ಆರಿಸಿ ತಂದದ್ದು. ಬಾಡಬಾರದು ಅಂತ ನಾನ ಎತ್ತಿಟ್ಟಿದ್ದೆ.”

ರಾಯರು ಕಣ್ಣು ಮುಚ್ಚಿಕೊಂಡರು.

“ಕಾಕು,” ಎಂದು ಸ್ನೇಹಲ್ ಮೆಲ್ಲಗೆ ಕೇಳಿದಳು, “ಹಂಗಾದ್ರ ಬಾಲ್ಕನಿಯಾಗ ಮೊಲ ತಿಂದದ್ದು?”

“ಅದು ಪಲ್ಲೆ. ನೀನ ಹೇಳಿದ್ದಿಯಲ್ಲವಾ, ಮನ್ಯಾಗ ಇದ್ದ ಹಸರು ಹಾಕ್ರಿ ಅಂತ. ಬಕೇಟಿನ್ಯಾಗ ಯಾರೋ ಕತ್ತರಿಸಿ ಇಟ್ಟಿದ್ದು ಕಂಡ್ತು, ಹಾಕಿ ಹೋದೆ.” ಆ ‘ಯಾರೋ’ ಎಂಬಲ್ಲಿ ಅವರ ಕಣ್ಣು ಒಂದು ಕ್ಷಣದ ಮಟ್ಟಿಗೆ ಗಂಡನನ್ನು ಮುಟ್ಟಿ ಹೋಯಿತು. “ಕೆಸುವಿನ ಎಲಿ ಅಷ್ಟ ಆರಿಸಿ ತಗದಿಟ್ಟೀನಿ. ನಾಳಿನ ಭಾಜಿಗೆ ಬೇಕಲ್ಲ. ಯಾಕ, ಏನಾತು?”

ಬಸವಣ್ಣೆವ್ವ ಮುಂದೆ ಬಂದು ರಾಧಾಬಾಯಿಯ ಕೈ ಹಿಡಿದಳು. “ಏನೂ ಆಗಿಲ್ಲವಾ. ನಿನ್ನ ಗಂಡ ಕಾರಿಕೊಂಡ, ಅಷ್ಟ. ಉಪ್ಪಿನ ನೀರು ಸುದ್ದಾ ಬೇಕಾಗಲಿಲ್ಲ.”

ಮೊದಲು ನಕ್ಕವರು ಲಿಫ್ಟಿನ ಹುಡುಗರು. ಆಮೇಲೆ ಸಭಾಗೃಹವೇ ಢೋಲಾಯಿತು. ಸ್ನೇಹಲ್ ಕಣ್ಣೀರೊರೆಸಿಕೊಂಡು ನಕ್ಕಳು. ಸಿದ್ದಲಿಂಗಪ್ಪ ಮಾತ್ರ ಅಧ್ಯಕ್ಷರ ಮುಖ ಬಿಡಲಿಲ್ಲ.

“ಪೂಜಿ ಆಗಬೇಕು,” ಎಂದರು. “ಹೆಸರು ಹೇಳಾಕ ಬರೂದು ರಾಯರಿಗೆ ಒಬ್ಬರಿಗೇ. ಅವರ ಹೇಳ್ಲಿ. ಆದ್ರ ಎಲಿ ಖರೇನೋ ಸುಳ್ಳೋ ಅನ್ನೂದು ಇನ್ನ ಮ್ಯಾಲೆ ನಮ್ಮ ಮಂಡಳಿ ನೋಡತೈತಿ.”

ಮಂಡಳಿ ಹೇಗೆ ನೋಡಿತೆಂದರೆ, ಸುಹಾಸ ಕಣಗಿಲೆ, ದತ್ತೂರ, ಎಕ್ಕೆಗಳನ್ನು ಮಾತ್ರ ಎತ್ತಿ ದೂರವಿರಿಸಿಕೊಂಡ. ಉಳಿದ ಪ್ರತಿಯೊಂದು ಎಲೆಯನ್ನೂ ರಾಯರು ಮೊದಲು ಸಿದ್ದಲಿಂಗಪ್ಪನವರಿಗೆ ಕೊಡಬೇಕಾಯಿತು. ಅವರು ಅದನ್ನು ಬುಟ್ಟಿಯ ಮುಂದೆ ಹಿಡಿಯುವರು. ಹೊಟ್ಟೆ ಬಿರಿಯ ತಿಂದಿದ್ದ ಸಾಬೂದಾಣಿ ಮೂಸಿ, ಬೇಸರದಿಂದ ಬೆನ್ನು ತಿರುಗಿಸುವುದು. “ಅಸಲು,” ಎಂದು ಅಧ್ಯಕ್ಷರು ಸಾರುವರು. ಆಮೇಲೆ ಅದು ಗಣಪತಿಗೆ. ರಾಯರ ಕಂಠ ಎಂದಿನಂತೆಯೇ ಕಂಚಿನದಾಗಿತ್ತು. ಹೆಸರುಗಳಲ್ಲಿ ಒಂದೂ ತಪ್ಪಲಿಲ್ಲ. ಹುಡುಗರು ಮೊಬೈಲೆತ್ತಿ ಚಿತ್ರ ಹಿಡಿದರು, ಹಿಂದೆಂದಿಗಿಂತ ಹೆಚ್ಚು ಶ್ರದ್ಧೆಯಿಂದ, ಮೊಲವನ್ನು.

ಮಂಗಳಾರತಿಯ ಗದ್ದಲದಲ್ಲಿ ರಾಧಾಬಾಯಿ ಗಂಡನ ಪಕ್ಕಕ್ಕೆ ಬಂದು, ತುಟಿ ಅಲುಗದಂತೆ ಕೇಳಿದರು. “ನಸುಕಿನಾಗ ಎದ್ದು, ಆಟೋ ಹಿಡದು, ಆ ಜನದಾಗ ಬಡದಾಡಿ ತಂದೀನಿ. ನಿಮ್ಮ ಹೆಸರು ಉಳೀಲಿ ಅಂತ ದೇವರ ಮುಂದ ನಿಂತು ಸುಳ್ಳು ಹೇಳೀನಿ. ಹತ್ತ ನಿಮಿಷ ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನು ನಿಮಗ?”

ಜೀವಮಾನದಲ್ಲಿ ಒಮ್ಮೆ, ಒಂದೇ ಒಮ್ಮೆ, ರಾಯರು ಎಲ್ಲರೆದುರು ಸತ್ಯ ನುಡಿದಿದ್ದರು. ಅದೂ ಹೆಂಡತಿ ಪತ್ರಿ ತರುವ ಹತ್ತು ನಿಮಿಷ ಮೊದಲು.

ಆದರೂ ಒಂದು ಲಾಭವಾಯಿತೆಂದು ಹೇಳಬೇಕು. ಆ ದಿನದ ನಂತರ ಲಿಫ್ಟಿನಲ್ಲಿ ರಾಯರನ್ನು ಗುರುತಿಸದವರು ಯಾರೂ ಉಳಿಯಲಿಲ್ಲ. ಹುಡುಗರು ಕಿವಿಯ ಯಂತ್ರ ತೆಗೆದು, ಸರಿದು ಜಾಗ ಬಿಟ್ಟು, ವಿನಯದಿಂದ ಕೇಳುತ್ತಾರೆ: “ನಮಸ್ಕಾರ್ರಿ ಪತ್ರಿ ರಾಯರ, ಇವತ್ತ ಊಟಕ್ಕ ಏನು, ಬಿಲ್ವಪತ್ರಿ ಪಲ್ಲೇನೋ, ಕಣಗಲ ಸಾಂಬಾರೋ?” ರಾಯರು ಕನ್ನಡಿಯ ಕಡೆ ತಿರುಗಿ, ಉಳಿದ ನಾಲ್ಕು ಕೂದಲನ್ನು ತೀಡಿಕೊಳ್ಳುತ್ತಾರೆ.